ಸುಣ್ಣ ಎಷ್ಟು ಹಾಕಿದರೂ ಕ್ರೋಮಿಯಂ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಸಣ್ಣ ಕ್ರೋಮ್ ಪ್ಲೇಟಿಂಗ್ ಘಟಕ. ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಇದೆ, ಸುಣ್ಣವನ್ನೂ ಧಾರಾಳವಾಗಿ ಹಾಕುತ್ತೇವೆ. ಆದರೂ ಸ್ಯಾಂಪಲ್‌ನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ನೀರಿನಲ್ಲಿ ಕರಗಿಯೇ ಇರುವ ವಿಷಕಾರಿ ರೂಪ) ಮಿತಿ ಮೀರುತ್ತಿದೆ. ಸುಣ್ಣ ಇನ್ನೂ ಹೆಚ್ಚಿಸಬೇಕೆ?

ಉತ್ತರ: ಬೇಡ. ಹೆಕ್ಸಾವೇಲೆಂಟ್ ಕ್ರೋಮಿಯಂ ಸುಣ್ಣಕ್ಕೆ ತಳ ಕೂರುವುದೇ ಇಲ್ಲ. ಮೊದಲು ಅದನ್ನು ತಳ ಕೂರುವ ಟ್ರೈವೇಲೆಂಟ್ ರೂಪಕ್ಕೆ ತರಬೇಕು, ಸುಣ್ಣದ ಸರದಿ ಆಮೇಲೆ. ಪ್ಲೇಟಿಂಗ್ ಘಟಕಗಳಿಗೆ ಲೀಟರಿಗೆ 0.1 ಮಿಲಿಗ್ರಾಂ ಹೆಕ್ಸಾವೇಲೆಂಟ್, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಎಂಬುದು ಮಿತಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಕನ್ಸೆಂಟ್ (ಅನುಮತಿ) ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತಿದ್ದರೆ ಅದನ್ನೇ ಪಾಲಿಸಬೇಕು.

ಕ್ರೋಮ್ ತೊಳೆದ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿಯಿರಿ. ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 2–2.5ರ ಮಟ್ಟಕ್ಕೆ ಇಳಿಸಿ, ನಂತರ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ 20 ನಿಮಿಷ ಕಲಕಿ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ಆಮ್ಲ ಉಳಿಸಲು ಹೋಗಿ ಪಿಎಚ್ 4ರಲ್ಲೇ ನಿಂತರೆ ಕ್ರಿಯೆ ಬಹಳ ನಿಧಾನವಾಗುತ್ತದೆ, ನೀರು ಹಳದಿಯಾಗಿಯೇ ಸುಣ್ಣದ ತೊಟ್ಟಿಗೆ ಹೋಗುತ್ತದೆ. ಮೀಟರು ಸುಳ್ಳು ತೋರಿಸುತ್ತಿರಲೂಬಹುದು. ಪಿಎಚ್ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ವಾರಕ್ಕೊಮ್ಮೆ ಸರಿಪಡಿಸಿ.

ಒಂದು ಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಲೆಕ್ಕದ ಪ್ರಕಾರ 2.74 ಗ್ರಾಂ ಮೆಟಾಬೈಸಲ್ಫೈಟ್ ಬೇಕು. ಲೀಟರಿಗೆ 50 ಮಿಲಿಗ್ರಾಂ ಇರುವ 1,000 ಲೀಟರ್ ನೀರಿಗೆ 137 ಗ್ರಾಂ ಆಯಿತು. ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ, 160–170 ಗ್ರಾಂ ಹಾಕಿ. ಮಳೆಗಾಲದಲ್ಲಿ ಚೀಲದ ಬಾಯಿ ತೆರೆದಿಟ್ಟರೆ ಪುಡಿ ತೇವ ಹಿಡಿದು ಸತ್ವ ಕಳೆದುಕೊಳ್ಳುತ್ತದೆ, ತೂಕ ಸರಿಯಿದ್ದರೂ ಫಲ ಸಿಗುವುದಿಲ್ಲ. ಹಾಕುವಾಗ ಘಾಟು ಏಳುತ್ತದೆ, ಗಾಳಿಯಾಡುವ ಜಾಗ ಬೇಕು.

ನೀರು ಹಳದಿಯಿಂದ ಹಸಿರಿಗೆ ತಿರುಗಿತೆಂದು ಅಲ್ಲಿಗೇ ಬಿಡಬೇಡಿ. 0.1 ಮಿಲಿಗ್ರಾಂ ಕಣ್ಣಿಗೆ ಕಾಣುವುದಿಲ್ಲ. ಡೈಫಿನೈಲ್‌ಕಾರ್ಬಜೈಡ್ ಪರೀಕ್ಷಾ ಕಿಟ್‌ನಲ್ಲಿ ನೇರಳೆ ಬಣ್ಣ ಬಂದರೆ ಇನ್ನೂ ಉಳಿದಿದೆ ಎಂದರ್ಥ.

ಈಗ ಸುಣ್ಣ. ಪಿಎಚ್ 8.5ರ ಆಸುಪಾಸಿನಲ್ಲಿ ನಿಲ್ಲಿಸಿ. ಸುಣ್ಣದ ಬದಲು ಕಾಸ್ಟಿಕ್ ಸೋಡಾ ಬಳಸುವವರು ಇನ್ನೂ ಹುಷಾರಾಗಿರಬೇಕು, ಪಿಎಚ್ 10 ದಾಟಿದರೆ ತಳ ಕೂತ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ. ನಿಕ್ಕಲ್‌ಗೆ ಮಾತ್ರ 10ರ ಸುತ್ತಲ ಪಿಎಚ್ ಬೇಕು. ಎರಡೂ ನೀರನ್ನು ಬೆರೆಸಿದರೆ ಯಾವುದಾದರೊಂದು ತಪ್ಪಿಸಿಕೊಳ್ಳುತ್ತದೆ. ಸೈನೈಡ್ ಬಳಸುವ ಲೈನ್ ಇದ್ದರೆ ಅದರ ನೀರು ಆಮ್ಲದ ತೊಟ್ಟಿಯ ಹತ್ತಿರವೂ ಸುಳಿಯಬಾರದು. ಹುಟ್ಟುವ ವಿಷಾನಿಲ ನಿಂತಲ್ಲೇ ಪ್ರಾಣ ತೆಗೆಯುತ್ತದೆ.

ಹೊರೆಯನ್ನು ಮೊದಲೇ ಇಳಿಸುವ ಅಗ್ಗದ ದಾರಿಯೂ ಇದೆ: ಜಾಬ್ (ಪ್ಲೇಟಿಂಗ್ ಆದ ವಸ್ತು) ಎತ್ತಿದ ಮೇಲೆ 15–20 ಸೆಕೆಂಡು ಟ್ಯಾಂಕಿನ ಮೇಲೆಯೇ ಸೋರಲು ಬಿಡಿ.

ತಳ ಕೂತ ಕೆಸರು, ಅಂದರೆ ಸ್ಲಡ್ಜ್, ಅಪಾಯಕಾರಿ ತ್ಯಾಜ್ಯ. 2016ರ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಿನದ ಲೆಕ್ಕ ಫಾರ್ಮ್ 3ರಲ್ಲಿ, ಸಾಗಣೆಗೆ ಫಾರ್ಮ್ 10, ವಾರ್ಷಿಕ ವಿವರ ಫಾರ್ಮ್ 4ರಲ್ಲಿ ಜೂನ್ 30ರೊಳಗೆ. ಒಣಗಿಸುವ ಹಾಸಿನ ಮೇಲೆ ತಗಡಿನ ಮಾಡು ಹಾಕಿಸಿ. ಜುಲೈ ಮಳೆಗೆ ಅದು ಉಕ್ಕಿ ಚರಂಡಿಗಿಳಿದರೆ, ಹುಬ್ಬಳ್ಳಿಯ ಕೆಳಗೆ ಅದೇ ನೀರಿಗೆ ಪಂಪು ಹಚ್ಚಿ ತರಕಾರಿ ಬೆಳೆಯುವ ಹೊಲಗಳಿವೆ.