ಆ ಖಂಡುಗ ಎಷ್ಟು ಕೆಜಿ?

ಪಾಂಡವಪುರದ ಹತ್ತಿರ ನನ್ನ ಸೋದರಮಾವನ ಮನೆ. ಅಲ್ಲಿ ಅಟ್ಟದ ಮೇಲೆ ತಾತನ ಕಾಲದ ಒಂದು ಲೆಕ್ಕದ ಪುಸ್ತಕ ಇದೆ. 1961ರಿಂದ 1984ರವರೆಗೆ ಯಾವ ಗದ್ದೆಗೆ ನಾಲೆ ನೀರು ಯಾವತ್ತು ಬಂತು, ಯಾವ ಮಳೆ ಎಷ್ಟು ಹುಯ್ಯಿತು, ಭತ್ತ ಎಷ್ಟಾಯಿತು ಅಂತ ತಾತ ಒಂದು ವರ್ಷವೂ ಬಿಡದೆ ಬರೆದಿದ್ದಾರೆ. ಅಂಚಿಗೆ ಗೆದ್ದಲು ಹಿಡಿದಿದೆ, ಆದರೂ ಅಕ್ಷರ ಸಲೀಸಾಗಿ ಓದಬಹುದು. ಓದಿದೆ. ಅರ್ಥವಾಗಲಿಲ್ಲ. "ಆರಿದ್ರಾ, ಎರಡು ಹದ. ತೂಬಿನ ಗದ್ದೆ, ಹನ್ನೊಂದು ಖಂಡುಗ."

ಹದ ಅಂದರೆ ಉಳುವಷ್ಟು ನೆಲ ನೆನೆಯೋ ಮಳೆ. ಅದು ಎಷ್ಟು ಮಿಲಿಮೀಟರ್? ಕಾಳು ಅಳೆಯೋ ಪಾತ್ರೆ ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನೋದು ನಮ್ಮ ಕಡೆಯ ಹಿರಿಯರಿಗೆ ಗೊತ್ತು, ಆದರೆ ಕೊಳಗ ಎಲ್ಲಾ ಕಡೆ ಒಂದೇ ಅಳತೆಯದ್ದಲ್ಲ. ಸಾಲದ್ದಕ್ಕೆ ಜಮೀನನ್ನೂ ಖಂಡುಗದಲ್ಲೇ ಹೇಳುತ್ತಿದ್ದರು, ಅಷ್ಟು ಬೀಜ ಹಿಡಿಯೋ ನೆಲ ಅಂತ. ಇಪ್ಪತ್ನಾಲ್ಕು ವರ್ಷದ ಲೆಕ್ಕ ಕಣ್ಣ ಮುಂದೆಯೇ ಇದೆ, ಆದರೆ ಅದನ್ನು ಇವತ್ತಿನ ಎಕರೆಗೆ ಎಷ್ಟು ಕ್ವಿಂಟಲ್ ಅನ್ನೋ ಲೆಕ್ಕದ ಪಕ್ಕ ಇಡೋಕೆ ಆಗಲ್ಲ.

ತಾತನ ಮೇಲೆ ತಪ್ಪು ಹೊರಿಸುವ ಹಕ್ಕು ನನಗಿಲ್ಲ. ಯಾಕೆಂದರೆ ನಾನೂ ಅದನ್ನೇ ಮಾಡಿದ್ದೇನೆ, ಅದೂ ವಿಜ್ಞಾನ ಓದಿದ ಮೇಲೆ.

2005ರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಂಡ್ಯ ಕಡೆಯ ನಾಲೆ ಬಯಲಿನ ಚೌಳು ಮಣ್ಣಿನ ಮಾದರಿ ತಂದು, ಅದರಲ್ಲಿ ಉಪ್ಪು ಎಷ್ಟಿದೆ ಅಂತ ಅಳೆದಿದ್ದೆ. ಉಪ್ಪು ಜಾಸ್ತಿಯಾದಷ್ಟೂ ಮಣ್ಣಿನ ನೀರಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ಅದನ್ನೇ ಮೀಟರಿನಲ್ಲಿ ಓದೋದು. ಎಲ್ಲವನ್ನೂ ಒಂದು ಸಿ.ಡಿ.ಗೆ ಹಾಕಿ ಇಟ್ಟಿದ್ದೆ. ಹೋದ ವರ್ಷ ಅದೇ ಊರುಗಳ ಮಣ್ಣನ್ನು ಮತ್ತೆ ನೋಡೋಣ ಅನ್ನಿಸಿ ಸಿ.ಡಿ. ಹುಡುಕಿದೆ. ಸಿ.ಡಿ. ಡ್ರೈವ್ ಇರೋ ಕಂಪ್ಯೂಟರ್ ಸಿಗೋದಕ್ಕೇ ಎರಡು ದಿನ ಬೇಕಾಯಿತು. ಫೈಲ್ ತೆರೆದರೆ ಊರುಗಳ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆಮೇಲೆ ನೆನಪಾಯಿತು. ಆಗಿನ ನುಡಿಯಂಥ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ಬರೀ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ಬದಲಾಯಿಸೋ ಸಾಫ್ಟ್‌ವೇರ್ ಇರೋದರಿಂದ ಅದು ಹೇಗೋ ಸರಿಹೋಯಿತು.

ಸರಿಹೋಗದೇ ಇದ್ದದ್ದು ಬೇರೆ. ಉಪ್ಪಿನ ಅಂಕಿಗಳ ಎರಡು ಸಾಲು ಇದ್ದವು, "ಇಸಿ1" ಮತ್ತು "ಇಸಿ2". ಇಸಿ ಅಂದರೆ ಕರೆಂಟು ಎಷ್ಟು ಚೆನ್ನಾಗಿ ಹರಿಯುತ್ತದೆ ಅನ್ನೋ ಅಳತೆ. ಮಣ್ಣಿಗೆ ಎರಡರಷ್ಟು ನೀರು ಸೇರಿಸಿ ಅಳೆಯುವುದು ಒಂದು ವಿಧಾನ, ಮಣ್ಣನ್ನು ಕೆಸರಿನ ಹಾಗೆ ಕಲಸಿ ಅದರಿಂದ ಹೀರಿ ತೆಗೆದ ನೀರನ್ನು ಅಳೆಯುವುದು ಇನ್ನೊಂದು, ಒಂದೇ ಮಣ್ಣಾದರೂ ಎರಡರಲ್ಲಿ ಬರೋ ಅಂಕಿ ಬೇರೆ ಬೇರೆ. ನನ್ನ ಎರಡು ಸಾಲು ಈ ಎರಡು ವಿಧಾನಗಳೋ, ಅಥವಾ ಬೆಳೆಗೆ ಮುಂಚೆ ಮತ್ತು ಕುಯ್ಲಾದ ಮೇಲೆ ತೆಗೆದ ಮಣ್ಣೋ, ನೆನಪಿಲ್ಲ. ಬರೆದಿಟ್ಟ ನೋಟ್‌ಬುಕ್ ಮನೆ ಬದಲಿಸುವಾಗ ಹೋಯಿತು. ಫೈಲ್ ಉಳಿಯಿತು, ಡೇಟಾ ಹೋಯಿತು. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ, ಯಾಕೆಂದರೆ ಆ ವರ್ಷದ ಮಣ್ಣು ಮತ್ತೆ ಸಿಗೋದಿಲ್ಲ.

ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯ ಗ್ರಂಥಾಲಯ ಇದೆಯಲ್ಲ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅಲ್ಲಿಗೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿ. 1909ರಲ್ಲಿ ಅಚ್ಚಾಯಿತು. ಆ ಗರಿಗಳು ಕೌಟಿಲ್ಯನ ಕಾಲದವಲ್ಲ. ಗರಿ ಹಳತಾದ ಹಾಗೆಲ್ಲ ಯಾರೋ ಕೂತು ಹೊಸ ಗರಿಗೆ ನಕಲು ಮಾಡುತ್ತಾ ಬಂದಿದ್ದಕ್ಕೆ ಅದು ಉಳಿದಿದ್ದು. ತಮಿಳುನಾಡಿನ ಕಡೆ ಸಂಸ್ಕೃತ ಬರೆಯುತ್ತಿದ್ದ ಗ್ರಂಥ ಲಿಪಿ ಬಲ್ಲವರು ಇದ್ದಿದ್ದಕ್ಕೆ ಅದು ತೆರೆದುಕೊಂಡಿದ್ದು. ಸಿಟ್ರೊನೆಲ್ಲಾ ಎಣ್ಣೆ ಸವರಿದರೆ ಗರಿ ಉಳಿಯುತ್ತದೆ, ಸರಿ, ಓದೋ ವಿದ್ಯೆಗೆ ಯಾವ ಎಣ್ಣೆ ಸವರುವುದು?

ಲೆಕ್ಕದ ಜೊತೆ ಅದನ್ನು ಓದೋ ವಿವರವನ್ನೂ ಉಳಿಸೋ ಕೆಲಸವನ್ನು ಚೆನ್ನಾಗಿ ಮಾಡಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದವರು. ಬ್ರಾಡ್‌ಬಾಕ್ ಅನ್ನೋ ಹೊಲದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆದೇ ಇದೆ. ಅಂಕಿ ಬರೆಯೋದಷ್ಟೇ ಅಲ್ಲ, ಕಾಳು, ಹುಲ್ಲು, ಮಣ್ಣನ್ನು ಒಣಗಿಸಿ, ಚೀಟಿ ಅಂಟಿಸಿ ಕೂಡಿಡುತ್ತಾ ಬಂದರು. 2005ರಲ್ಲಿ ವಿಜ್ಞಾನಿಗಳು ಆ ಹಳೇ ಗೋಧಿಯಿಂದ ರೋಗದ ಬೂಷ್ಟಿನ ಡಿ.ಎನ್.ಎ. ತೆಗೆದರು. ಗೋಧಿಯ ಎರಡು ರೋಗಗಳಲ್ಲಿ ಯಾವಾಗ ಯಾವುದರ ಕೈ ಮೇಲಾಯಿತು ಅನ್ನೋದು ಗಾಳಿಯಲ್ಲಿನ ಗಂಧಕದ ಹೊಗೆಯ ಏರಿಳಿತಕ್ಕೆ ಹೊಂದಿಕೊಂಡಿತ್ತು. ಯೋಚಿಸಿ, ಮೊದಲು ಕಾಳು ಕೂಡಿಟ್ಟವರಿಗೆ ಡಿ.ಎನ್.ಎ. ಅನ್ನೋ ಹೆಸರೂ ಗೊತ್ತಿರಲಿಲ್ಲ. ಮುಂದೆ ಯಾರು ಯಾವ ಪ್ರಶ್ನೆ ಕೇಳುತ್ತಾರೋ ಗೊತ್ತಿಲ್ಲದೆಯೂ ಇದು ಯಾವ ವರ್ಷದ್ದು, ಹೊಲದ ಯಾವ ಭಾಗದ್ದು, ಯಾವ ಗೊಬ್ಬರ ಹಾಕಿದ್ದು ಅಂತ ಬರೆದಿಟ್ಟರು.

ಎಲ್ಲರೂ ಹೀಗಿರೋದಿಲ್ಲ. 2014ರಲ್ಲಿ ಬಂದ ಒಂದು ಅಧ್ಯಯನ 516 ಸಂಶೋಧನಾ ಲೇಖನಗಳ ಮೂಲ ಡೇಟಾ ಕೇಳಿ ಲೇಖಕರಿಗೆ ಪತ್ರ ಬರೆಯಿತು. ಅತಿ ಹಳೆಯ ಲೇಖನಕ್ಕೆ ಇಪ್ಪತ್ತೆರಡು ವರ್ಷ ಅಷ್ಟೇ. ಲೇಖನಕ್ಕೆ ಒಂದೊಂದು ವರ್ಷ ವಯಸ್ಸಾದಂತೆ, ಡೇಟಾ ಇರೋದಕ್ಕೂ ಇಲ್ಲದಿರೋದಕ್ಕೂ ಇರುವ ಅನುಪಾತ ಶೇ 17ರಷ್ಟು ಇಳಿಯುತ್ತಿತ್ತು. ಕದ್ದವರಿಲ್ಲ, ಸುಟ್ಟವರಿಲ್ಲ. ಸುಮ್ನೆ ಕಳೆದುಹೋಗಿದ್ದು.

ಉಳಿಸೋ ಕೆಲಸ ದೊಡ್ಡ ಯಂತ್ರದ್ದಲ್ಲ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಲ್ಲಿ. ಒಂದೇ ಕಂಪನಿಯ ಸಾಫ್ಟ್‌ವೇರ್ ಬೇಡುವ ಫೈಲಿಗಿಂತ ಅಂಕಿಗಳ ನಡುವೆ ಅಲ್ಪವಿರಾಮ ಹಾಕಿ ಬರೀ ಅಕ್ಷರದಲ್ಲಿ ಬರೆದಿಡುವ, ಯಾವುದರಲ್ಲಾದರೂ ತೆರೆಯೋ ಸಿ.ಎಸ್.ವಿ. ಫೈಲ್ ಒಳ್ಳೆಯದು. ಫೈಲಿನ ಬೆರಳಚ್ಚು ಅನ್ನಬಹುದಾದ ಚೆಕ್‌ಸಮ್ ತೆಗೆದಿಟ್ಟುಕೊಂಡರೆ ಒಳಗೆ ಒಂದೇ ಒಂದು ಅಂಕಿ ಕೆಟ್ಟರೂ ತಿಳಿಯುತ್ತದೆ. ತಿದ್ದುವುದೆಲ್ಲ ನಕಲಿನ ಮೇಲೆ, ಮೂಲವನ್ನು ಮುಟ್ಟಬಾರದು. ಸಾಫ್ಟ್‌ವೇರ್ ಕೂಡ ಕೇಳದೆ ತಿದ್ದುತ್ತದೆ: ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ತಾನಾಗಿಯೇ ತಾರೀಖು ಮಾಡಿಬಿಡುತ್ತಿತ್ತು, ಕೊನೆಗೆ 2020ರ ಹೊತ್ತಿಗೆ ಆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಇವೆಲ್ಲಕ್ಕಿಂತ ಮುಖ್ಯ ಫೈಲಿನ ಜೊತೆಗೆ ಇಡುವ ಒಂದು ಪುಟದ ವಿವರಣೆ. ಯಾವ ಸಾಲು ಏನು, ಅಳತೆ ಯಾವುದು, ಯಾವ ಉಪಕರಣ, ಖಾಲಿ ಬಿಟ್ಟ ಜಾಗಕ್ಕೆ ಅಳೆದಿಲ್ಲ ಅಂತಲೋ ಸೊನ್ನೆ ಅಂತಲೋ. ಬರೆಯಲು ಅರ್ಧ ಗಂಟೆ ಸಾಕು. ನಾನು ಆ ಅರ್ಧ ಗಂಟೆ ಕೊಡಲಿಲ್ಲ.

ನನ್ನ ಮಣ್ಣಿನ ಲೆಕ್ಕ ಹೋಯಿತು, ತಾತನದ್ದು ಇನ್ನೂ ಪೂರ್ತಿ ಹೋಗಿಲ್ಲ. ಮಾವನಿಗೆ ಈಗ ಎಪ್ಪತ್ತೆಂಟು. ಹೋದ ಭಾನುವಾರ ಪುಸ್ತಕ ಹಿಡಿದು ಅವರ ಪಕ್ಕ ಕೂತೆ. "ಕೊಳಗ ಇಲ್ಲೇ ಅದೆ ಕಣವ್ವ" ಅಂತ ಅವರೇ ಅಟ್ಟದಿಂದ ಇಳಿಸಿಕೊಟ್ಟರು. ಭತ್ತ ತುಂಬಿ ತಕ್ಕಡಿಗೆ ಇಡೋಕೆ ಹೊರಟೆ. ಮಾವ ಕೈ ಹಿಡಿದರು. "ತಡಿ, ಬಾಯಿ ಸವರಿ ಅಳೀತೀಯೋ, ಗೋಪುರ ಕಟ್ಟಿ ಅಳೀತೀಯೋ? ಕಣಜಕ್ಕೆ ಹಾಕುವಾಗ ಸವರಿ, ಆಳಿಗೆ ಕೊಡುವಾಗ ಗೋಪುರ. ಅಪ್ಪ ಹಂಗೇ ಮಾಡ್ತಿದ್ದಿದ್ದು."

ಎರಡನ್ನೂ ತೂಗಿದೆವು. ಎರಡು ತೂಕವನ್ನೂ ಬೇರೆ ಬೇರೆ ಬರೆದು, ಯಾವ ತಳಿಯ ಭತ್ತ, ಎಷ್ಟು ದಿನ ಒಣಗಿದ್ದು, ಹೇಳಿದವರು ಯಾರು ಅಂತ ಸೇರಿಸಿ, ಕೆಳಗೆ ತಾರೀಖು ಹಾಕಿದೆ. ಹದದ ವಿಷಯ ಮುಂದಿನ ಭಾನುವಾರ ಕೇಳಬೇಕು.