ಟ್ಯೂಬಿನಿಂದ ಮತ್ತೆ ಲೋಳೆಸರಕ್ಕೆ: ಕೆಚ್ಚಲು ಬಾವಿನ ಮದ್ದು ನಡೆದು ಬಂದ ದಾರಿ

ಹಿಂಡಲು ಕೂತಾಗ ಮೊದಲ ಧಾರೆಯಲ್ಲೇ ಒಡೆದ ಹಾಲಿನಂಥ ಚೂರು ಬಂತು, ಕೆಚ್ಚಲಿನ ಒಂದು ಮಗ್ಗುಲು ಕೈಗೆ ಬಿಸಿಯಾಗಿ, ಗಟ್ಟಿಯಾಗಿ ಹತ್ತಿತು, ಮುಟ್ಟಗೊಡದೆ ಆಕಳು ಕಾಲು ಜಾಡಿಸಿತು ಅಂದರೆ ಕೆಚ್ಚಲು ಬಾವು ಎಂದೇ ತಿಳಿಯಬೇಕು. ಬೀದರ್, ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಬಾವಿಗೆ ಅರಿಶಿಣ-ಸುಣ್ಣ ಹಚ್ಚುವುದು ಹಿರಿಯರ ಕಾಲದಿಂದ ಬಂದದ್ದು. ಈಗ ಅದೇ ಮದ್ದು ಲೋಳೆಸರ ಕೂಡಿಸಿಕೊಂಡು ಪಶುವೈದ್ಯರ ಬಾಯಲ್ಲೂ ಕೇಳಿಬರುತ್ತಿದೆ. ಆದರೆ ಈ ಸಲ ಅದಕ್ಕೆ ತೂಕವಿದೆ, ಹೊತ್ತಿದೆ, ದಿನದ ಲೆಕ್ಕವಿದೆ.

ಹಿಂದೆ ಈ ಸೀಮೆಯ ದನ ಎಂದರೆ ದೇವಣಿ ತಳಿ. ಹಾಲಿಗೂ ಆಯಿತು, ಗಳೇವಿಗೂ ಆಯಿತು. ಹಾಲು ಹೆಚ್ಚೇನಿಲ್ಲ, ಕರು ಉಂಡು ಮಿಕ್ಕದ್ದನ್ನು ಹಿಂಡಿಕೊಳ್ಳುತ್ತಿದ್ದರು. ಚಿಕ್ಕ ಕೆಚ್ಚಲು ನೆಲಕ್ಕೆ ತಾಗುತ್ತಿರಲಿಲ್ಲ. 1970ರಲ್ಲಿ ಕ್ಷೀರಕ್ರಾಂತಿ ಯೋಜನೆ ಶುರುವಾಗಿ, ಮುಂದೆ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಗಳು ಕೊಟ್ಟಿಗೆಗೆ ಬಂದ ಮೇಲೆ ಹಾಲಿನ ಜೊತೆ ಕೆಚ್ಚಲೂ ದೊಡ್ಡದಾಯಿತು. ನೆಲಕ್ಕೆ ಸಮೀಪ ಜೋತುಬಿದ್ದ ತೊಟ್ಟಿಗೆ ಸಗಣಿ, ಗಂಜಲ ಹತ್ತುವುದು ಸುಲಭ. ನಮ್ಮ ಕಡೆ ಕೊಟ್ಟಿಗೆಗೆ ಶಹಾಬಾದ್ ಕಲ್ಲು ಹಾಸುವ ರೂಢಿ. ಕಲ್ಲು ತೊಳೆದರೆ ಲಕಲಕ ಹೊಳೆಯುತ್ತದೆ, ಆದರೆ ಸಂದಿಗೆ ಸಿಮೆಂಟು ತುಂಬದಿದ್ದರೆ ಗಂಜಲ ಅಲ್ಲೇ ಇಂಗಿ ಕೊಳೆಯುತ್ತದೆ. ಮಳೆಗಾಲದ ಎರೆಮಣ್ಣಿನ ಕೆಸರಂತೂ ಕೆಚ್ಚಲಿಗೆ ಮೆತ್ತಿದರೆ ಸುಲಭಕ್ಕೆ ಬಿಡದು.

ಹೊರದೇಶಗಳಲ್ಲಿ 1940ರ ದಶಕದಿಂದಲೇ ತೊಟ್ಟಿನ ರಂಧ್ರದ ಮೂಲಕ ಪೆನ್ಸಿಲಿನ್ ಏರಿಸುವ ಚಿಕಿತ್ಸೆ ಬಳಕೆಗೆ ಬಂದಿತ್ತು. ನಮ್ಮಲ್ಲೂ ಮಿಶ್ರತಳಿಯ ಬೆನ್ನಿಗೇ ಹೀಗೆ ತೊಟ್ಟಿಗೆ ಏರಿಸುವ ಆ್ಯಂಟಿಬಯೋಟಿಕ್ ಮದ್ದಿನ ಟ್ಯೂಬು ಬಂತು. ಜೀವ ಉಳಿಸಿದ್ದೂ ನಿಜ, ಕೆಟ್ಟ ರೂಢಿ ಬೆಳೆಸಿದ್ದೂ ನಿಜ. ಎರಡು ಟ್ಯೂಬು ಏರಿಸಿ, ಬಾವು ಇಳಿಯಿತೆಂದು ಮೂರನೆಯದನ್ನು ಬಿಟ್ಟರೆ ಗಟ್ಟಿ ರೋಗಾಣುಗಳೇ ಉಳಿದುಕೊಳ್ಳುತ್ತವೆ. ಮದ್ದು ಹಾಕಿದ ದಿನದ ಹಾಲನ್ನೇ ಡೇರಿಗೆ ಸುರಿದರೆ ಆ್ಯಂಟಿಬಯೋಟಿಕ್ ಅಂಶ ಮನೆಮನೆ ಸೇರುತ್ತದೆ. ಅಂಥ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಮೊಸರು ಸರಿಯಾಗಿ ಕಟ್ಟದು. ಹಾಲನ್ನು ಮೊಸರು ಮಾಡುವ ಜೀವಾಣುಗಳನ್ನೂ ಆ ಮದ್ದು ಬಿಡುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2017ರಲ್ಲಿ ಭಾರತ ಸರ್ಕಾರ ಔಷಧ ನಿರೋಧಕತೆಯ, ಅಂದರೆ ರೋಗಾಣುಗಳು ಮದ್ದಿಗೆ ಬಗ್ಗದಂತಾಗುವುದರ ವಿರುದ್ಧ ಕ್ರಿಯಾಯೋಜನೆ ತಂದದ್ದರ ಹಿಂದೆ ಪಶುಗಳಲ್ಲಿನ ಬಳಕೆಯ ಆತಂಕವೂ ಇತ್ತು.

ಈ ಹೊತ್ತಿಗೆ ತಮಿಳುನಾಡಿನ ಪಶುವೈದ್ಯ ವಿಜ್ಞಾನಿ ಎನ್. ಪುಣ್ಯಮೂರ್ತಿ ಮತ್ತು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಎಂ.ಎನ್. ಬಾಲಕೃಷ್ಣನ್ ನಾಯರ್ ಅವರಂಥವರು ಹಳ್ಳಿಯ ಮದ್ದುಗಳಿಗೆ ಅಳತೆ ಕೂಡಿಸಿದ್ದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅದನ್ನು ಹಾಲು ಒಕ್ಕೂಟಗಳ ಮೂಲಕ ಹಬ್ಬಿಸಿತು.

ಒಂದು ಆಕಳಿಗೆ ಒಂದು ದಿನದ ಅಳತೆ: ಲೋಳೆಸರ 250 ಗ್ರಾಂ (ದೊಡ್ಡ ಎಲೆಯಾದರೆ ಎರಡು-ಮೂರು), ಅರಿಶಿಣ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಲೋಳೆಸರದ ಅಂಚಿನ ಮುಳ್ಳು ತೆಗೆದು, ತೊಳೆದು, ಸಿಪ್ಪೆ ಸಮೇತ ಹೆಚ್ಚಿ, ಮೂರನ್ನೂ ಕೂಡಿಸಿ ನುಣ್ಣಗೆ ರುಬ್ಬಬೇಕು. ಹಳದಿ ಹೋಗಿ ಕೆಂಪಾಗಬೇಕು. ಅರಿಶಿಣಕ್ಕೆ ಸುಣ್ಣ ಬೆರೆತರೆ ಕುಂಕುಮದ ಬಣ್ಣ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅದೇ ಇಲ್ಲಿ ಪರೀಕ್ಷೆ. ಕೆಂಪೇರಲಿಲ್ಲವೆಂದರೆ ಸುಣ್ಣ ಬಹಳ ದಿನ ಗಾಳಿಗೆ ತೆರೆದಿದ್ದು ಸತ್ವ ಕಳೆದುಕೊಂಡಿದೆ, ಇಲ್ಲವೇ ಅರಿಶಿಣ ಕಲಬೆರಕೆಯದು. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೇ ಆಗಬೇಕು. ಅರಳಿಸದ ಸುಡುಸುಣ್ಣ ಹಾಕಿದರೆ ಕೆಚ್ಚಲಿನ ಚರ್ಮ ಸುಟ್ಟೀತು.

ಮೊದಲು ಕೆಚ್ಚಲಿನ ನಾಲ್ಕು ಪಾಲುಗಳಲ್ಲಿ (ತೊಟ್ಟಿಗೊಂದು ಪಾಲು) ಬಾವು ಬಂದ ಪಾಲಿನ ಹಾಲನ್ನು ಪೂರ್ತಿ ಹಿಂಡಿ ಪಾತ್ರೆಯಲ್ಲಿ ಹಿಡಿದು ದೂರ ಚೆಲ್ಲಬೇಕು. ನೆಲಕ್ಕೆ ಹಿಂಡಿದರೆ ರೋಗ ಪಕ್ಕದ ದನಕ್ಕೆ ಹಾದಿ ಹಿಡಿಯುತ್ತದೆ. ಕೆಚ್ಚಲು ತೊಳೆದು, ಒಂದು ಹಿಡಿ ಮದ್ದಿಗೆ 150ರಿಂದ 200 ಮಿಲಿ ನೀರು ಬೆರೆಸಿ ತೆಳ್ಳಗೆ ಮಾಡಿ, ನೋವಿರುವ ಕಡೆ ಮಾತ್ರವಲ್ಲ, ಇಡೀ ಕೆಚ್ಚಲಿಗೆ ಸವರಬೇಕು. ಗಟ್ಟಿಯಾಗಿ ಮೆತ್ತಿದರೆ ಒಣಗಿ ಹಕ್ಕಳೆಯಾಗಿ ಉದುರುತ್ತದೆ. ದಿನಕ್ಕೆ 10 ಸಲ, 5 ದಿನ. ಪ್ರತಿ ಸಲ ಹಳೆಯದನ್ನು ತೊಳೆದೇ ಹೊಸದು. ಮದ್ದು ದಿನದಿನವೂ ಹೊಸದಾಗಿ ಅರೆಯಬೇಕು. ಜೊತೆಗೆ ದಿನಕ್ಕೆ ಎರಡು ಲಿಂಬೆಹಣ್ಣು ಹೋಳು ಮಾಡಿ 3 ದಿನ ತಿನ್ನಿಸುತ್ತಾರೆ. ಹಾಲಿನಲ್ಲಿ ರಕ್ತ ಕಂಡರೆ ಎರಡು ಹಿಡಿ ಕರಿಬೇವನ್ನು ಬೆಲ್ಲದೊಂದಿಗೆ ಅರೆದು ದಿನಕ್ಕೆರಡು ಸಲ ಕೊಡುವುದೂ ಇದೇ ಪದ್ಧತಿಯಲ್ಲಿದೆ.

ಮದ್ದು ಸೋಲುವುದು ಹೆಚ್ಚಾಗಿ ಆ ಹತ್ತರ ಲೆಕ್ಕದಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಚ್ಚಿ ತೊಗರಿ ರಾಶಿಗೆ ಹೊಲಕ್ಕೆ ಹೋದರೆ ಆಗದು. ಮನೆಯಲ್ಲಿ ಒಬ್ಬರು ಐದು ದಿನ ಅದಕ್ಕೇ ನಿಲ್ಲಬೇಕು. ಹೊರಗೆ ಹಚ್ಚಿದ್ದು ಒಳಗಿನ ಸೋಂಕಿಗೆ ಎಷ್ಟು ತಾಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉರಿ, ಬಾವು ಇಳಿಸುವ ಗುಣ ಅರಿಶಿಣ ಮತ್ತು ಲೋಳೆಸರಕ್ಕಿದೆ. ಮೇಲಿಂದ ಮೇಲೆ ಹಿಂಡಿ ತೆಗೆಯುವುದೂ ತನ್ನ ಕೆಲಸ ಮಾಡುತ್ತದೆ. ಕೆಲವು ಸೌಮ್ಯ ಬಾವು ತಾನಾಗಿಯೇ ಇಳಿಯುವುದೂ ಉಂಟು. ಆದ್ದರಿಂದ ಗುಣವಾದದ್ದೆಲ್ಲ ಮದ್ದಿನ ಲೆಕ್ಕಕ್ಕೆ ಬರೆಯಬಾರದು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ರೋಗಾಣು ಕೆಚ್ಚಲಿನ ಒಳಗೆ ಗಂಟು ಕಟ್ಟಿಕೊಂಡರೆ ಲೇಪವೂ ಸೋಲುತ್ತದೆ, ಟ್ಯೂಬೂ ಸೋಲುತ್ತದೆ.

ಆಕಳು ಮೇವು ಬಿಟ್ಟು ಜ್ವರದಿಂದ ನಿಂತರೆ, ಹಾಲು ನೀರಾದರೆ, ಇಲ್ಲವೇ ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ರುಬ್ಬುತ್ತಾ ಕೂರುವ ಹೊತ್ತಲ್ಲ. ಗಂಟೆಗಳಲ್ಲಿ ಪ್ರಾಣ ಹೋಗಬಹುದು, ಅದೇ ಹೊತ್ತಿಗೆ ಪಶುವೈದ್ಯರನ್ನು ಕರೆಸಬೇಕು. ತೊಟ್ಟಿನ ರಂಧ್ರಕ್ಕೆ ಮನೆಯಲ್ಲಿ ಕಡ್ಡಿ ತೂರಿಸುವುದು ಬೇಡವೇ ಬೇಡ.

ಬಾವು ಬರದ ಹಾಗೆ ಮಾಡುವ ಉಪಾಯಗಳಲ್ಲಿ ಖರ್ಚಿಲ್ಲದ್ದೊಂದಿದೆ. ಹಿಂಡಿದ ಮೇಲೆ ತೊಟ್ಟಿನ ಬಾಯಿ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಆಕಳು ಮಲಗದ ಹಾಗೆ ಗೋದಲಿಗೆ ಜೋಳದ ಕಣಿಕೆ ಹಾಕಿ ನಿಲ್ಲಿಸಬೇಕು. ಬಾವು ಬಂದ ಆಕಳನ್ನು ಕೊನೆಗೆ ಹಿಂಡಬೇಕು. ಹಚ್ಚಿದ್ದು ಗಿಡಮೂಲಿಕೆಯೇ ಆದರೂ ಕೆಟ್ಟ ಪಾಲಿನ ಹಾಲು ಡೇರಿ ಕ್ಯಾನಿಗೆ ಸೇರಕೂಡದು. ಟ್ಯೂಬು ಏರಿಸಿದ್ದರೆ ಅದರ ಮೇಲೆ ಬರೆದ ಅವಧಿ ಮುಗಿಯುವವರೆಗೆ ಉಳಿದ ಮೂರು ತೊಟ್ಟಿನ ಹಾಲೂ ಸೇರಕೂಡದು.