ಹಳೆಯ ಕರೆಗೆ ಓಗೊಡುವ ತಂತ್ರಾಂಶ

ಶಿರಸಿಯ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಒಂದೊಂದು ಬಗೆಯ ಅಡಿಕೆಗೆ ಒಂದೊಂದು ದರ, ಅದೂ ದಿನಕ್ಕೊಂದು ತೆರನಾದದ್ದು. ಈ ದರಗಳನ್ನು ಪ್ರತಿ ಸಂಜೆ ಕೋಷ್ಟಕಕ್ಕೆ ಸೇರಿಸಿಡಲು ಬೆಳೆಗಾರರೊಬ್ಬರ ಮಗಳು 2020ರಲ್ಲಿ ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದಾಳೆ ಎಂದಿಟ್ಟುಕೊಳ್ಳೋಣ. ಪಾಂಡಾಸ್ ಎಂಬ ಮುಕ್ತ ತಂತ್ರಾಂಶದ ‘ಅಪೆಂಡ್’ ಆಜ್ಞೆಯೊಂದಿದ್ದರೆ ಆಗ ಅಷ್ಟು ಕೆಲಸಕ್ಕೆ ಸಾಕಿತ್ತು. 2023ರ ಏಪ್ರಿಲ್‌ನಲ್ಲಿ ಬಂದ ಪಾಂಡಾಸ್ 2.0ರಲ್ಲಿ ಆ ಆಜ್ಞೆಯೇ ಇಲ್ಲ. ಅಪ್‌ಡೇಟ್ ಮಾಡಿದ ಸಂಜೆಯೇ ಪ್ರೋಗ್ರಾಂ ಕೈಕೊಡುತ್ತದೆ, ಅದರಲ್ಲಿ ಒಂದಕ್ಷರವೂ ಬದಲಾಗದಿದ್ದರೂ.

ತೆಗೆದದ್ದು ಸುಮ್ಮನೆ ಅಲ್ಲ. ಪೈಥಾನ್‌ನ ಸಾಮಾನ್ಯ ಪಟ್ಟಿಗೂ ಅಪೆಂಡ್ ಇದೆ, ಆದರೆ ಅದು ಇದ್ದ ಪಟ್ಟಿಗೇ ಸೇರಿಸುತ್ತದೆ; ಪಾಂಡಾಸ್‌ನದು ಪ್ರತಿ ಸಲವೂ ಇಡೀ ಕೋಷ್ಟಕವನ್ನು ನಕಲು ಮಾಡಿ ಹೊಸದೊಂದನ್ನು ಕೊಡುತ್ತಿತ್ತು. ಸಾವಿರ ಸಾಲುಗಳನ್ನು ಒಂದೊಂದಾಗಿ ಸೇರಿಸುವಷ್ಟರಲ್ಲಿ ಹಳೆಯ ಸಾಲುಗಳ ನಕಲೇ ಸುಮಾರು ಐದು ಲಕ್ಷವಾಗುತ್ತಿತ್ತು. 2022ರ ಜನವರಿಯ 1.4 ಆವೃತ್ತಿಯಿಂದಲೇ, ಈ ಆಜ್ಞೆ ಮುಂದೆ ಇರುವುದಿಲ್ಲ, ‘ಕಾನ್‌ಕ್ಯಾಟ್’ ಬಳಸಿ ಎಂಬ ಎಚ್ಚರಿಕೆ ಪರದೆಯ ಮೇಲೆ ಬರತೊಡಗಿತ್ತು. ಪರ್ಯಾಯವನ್ನು ಹೆಸರಿಸಿ ಒಂದು ವರ್ಷಕ್ಕೂ ಮಿಕ್ಕಿ ಕಾಲಾವಕಾಶ ಕೊಟ್ಟದ್ದು ಒಳ್ಳೆಯ ಪದ್ಧತಿಯೇ. ಆದರೆ ತಾನಾಗಿ ಓಡುವ ಪ್ರೋಗ್ರಾಂನ ಪರದೆಯನ್ನು ನೋಡುವವರು ಯಾರು?

ಆವೃತ್ತಿ ಸಂಖ್ಯೆಗೆ ಬೆಲೆ ಬರುವುದು ಇಲ್ಲಿ. ಮೂರು ಅಂಕಿಗಳ ರೂಢಿಯಲ್ಲಿ ಕೊನೆಯದು ದೋಷ ತಿದ್ದುಪಡಿಯನ್ನೂ, ನಡುವಿನದು ಹಳೆಯದನ್ನು ಕೆಡಿಸದ ಹೊಸ ಸೌಲಭ್ಯವನ್ನೂ, ಮೊದಲನೆಯದು ಹಳೆಯ ಕರೆ, ಅಂದರೆ ಪ್ರೋಗ್ರಾಂ ಒಂದು ಆಜ್ಞೆಯನ್ನು ಹೆಸರಿಸಿ ಬಳಸುವುದು, ನಡೆಯದಿರಬಹುದೆಂಬುದನ್ನೂ ಸೂಚಿಸುತ್ತದೆ. ‘2ಕ್ಕಿಂತ ಕೆಳಗಿನದು ಸಾಕು’ ಎಂದು ಮೊದಲೇ ನಮೂದಿಸಿದ್ದರೆ ದರಪಟ್ಟಿ ನಿಲ್ಲುತ್ತಿರಲಿಲ್ಲ.

ಇದಕ್ಕಿಂತ ತೊಡಕಿನದು, ಎಪಿಐ (ಆಜ್ಞೆಗಳ ಹೆಸರು ಮತ್ತು ಅವನ್ನು ಕರೆಯುವ ರೀತಿ) ಬದಲಾಗದೆ ನಡವಳಿಕೆ ಮಾತ್ರ ಬದಲಾಗುವ ಸಂದರ್ಭ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಮೂಲ ಗ್ರಂಥಾಲಯವಾದ, ಅಂದರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಆಜ್ಞೆಗಳ ಸಂಗ್ರಹವಾದ ಜಿಲಿಬ್‌ಸಿಯಲ್ಲಿ ಕಂಪ್ಯೂಟರ್ ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ಬೈಟುಗಳನ್ನು ನಕಲಿಸುವ ‘ಮೆಮ್‌ಕಾಪಿ’ ಇದೆ. ಎರಡೂ ಜಾಗಗಳು ಒಂದರ ಮೇಲೊಂದು ಚಾಚಿಕೊಂಡಿರಬಾರದೆಂಬ ನಿಯಮ ಅದಕ್ಕೆ ಮೊದಲಿನಿಂದಲೂ ಇತ್ತು, ಮೀರಿದರೂ ಬಹುಪಾಲು ನಡೆದುಹೋಗುತ್ತಿತ್ತು. 2010ರಲ್ಲಿ ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಮೊದಲಿಗೆ ನಕಲಿಸುವಂತೆ ಮಾಡಿದಾಗ, ನಿಯಮ ಮೀರಿದ್ದ, ಬ್ರೌಸರ್‌ನಲ್ಲಿ ವಿಡಿಯೊ ತೋರಿಸುವ ಅಡೋಬ್ ಫ್ಲ್ಯಾಶ್‌ನ ಧ್ವನಿ ಲಿನಕ್ಸ್‌ನ ಒಂದು ರೂಪವಾದ ಫೆಡೋರಾ 14ರಲ್ಲಿ ಒಡೆದು ಕೇಳಿಸಿತು. ತಪ್ಪು ಫ್ಲ್ಯಾಶ್‌ನದೇ ಎಂಬುದು ಸರಿ, ಆದರೆ ವಿಡಿಯೊ ನೋಡುವವನಿಗೆ ನಿಯಮಾವಳಿ ಕಟ್ಟಿಕೊಂಡು ಏನಾಗಬೇಕು ಎಂದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ವಾದಿಸಿದರು. ನನ್ನ ಒಲವೂ ಆ ಕಡೆಗೇ.

ಜಿಲಿಬ್‌ಸಿ 2.14 ಇದಕ್ಕೆ ಕಂಡುಕೊಂಡ ಪರಿಹಾರ ಚೊಕ್ಕವಾದದ್ದು. ಹೊಸ ಮೆಮ್‌ಕಾಪಿಗೆ ‘2.14’ ಎಂಬ ಗುರುತನ್ನು ಅಂಟಿಸಿದರು. ಮೊದಲೇ ಸಿದ್ಧವಾಗಿದ್ದ ಪ್ರೋಗ್ರಾಂಗಳು ತಮ್ಮೊಳಗಿನ ‘2.2.5’ ಗುರುತಿನೊಂದಿಗೆ ಕರೆದರೆ ಜಾಗಗಳು ಒಂದರ ಮೇಲೊಂದು ಚಾಚಿಕೊಂಡಿದ್ದರೂ ಸಹಿಸುವ ನಕಲು ವಿಧಾನ ಓಗೊಡುತ್ತದೆ. ಎರಡನ್ನೂ ಕಾಯ್ದುಕೊಳ್ಳುವುದಕ್ಕೆ ಪರೀಕ್ಷೆ ಬೇಕು, ನಿರಂತರ ದುಡಿಯುವ ಕೈಗಳು ಬೇಕು. ಬಿಡುವಿನ ವೇಳೆಯಲ್ಲಿ ಒಬ್ಬರೋ ಇಬ್ಬರೋ ನಡೆಸುವ ಯೋಜನೆಗಳಿಂದ ಅಷ್ಟನ್ನು ಬಯಸುವುದು ನ್ಯಾಯವಲ್ಲ. ಅಲ್ಲಿ ತೆಗೆಯುವ ಆವೃತ್ತಿಯನ್ನು ಮೊದಲೇ ಸಾರಿ, ಹೇಳಿದಂತೆಯೇ ತೆಗೆದರೆ ಸಾಕು.